ದೇವರಿಗೆ ರೂಪ ಇಲ್ಲ ಅಂತಾರೆ, ಮತ್ತೆ ಗ್ರಂಥಕ್ಕೆ ಪಲ್ಲಕ್ಕಿ ಯಾಕೆ?

ಪ್ರಶ್ನೆ: ನಾವು ಮೈಸೂರಿನವರು, ಮನೆಯವರ ಕೆಲಸದ ಸಲುವಾಗಿ ಈಗ ಮೊಹಾಲಿಲಿ ಇದ್ದೀವಿ. ನಮ್ಮ ಓನರ್ ಆಂಟಿ ಸಿಖ್ಖರು. ಗುರು ಗ್ರಂಥ ಸಾಹಿಬ್ ಪ್ರಕಾಶ್ ಪುರಬ್ ಅಂತ ನಮ್ಮನ್ನೂ ಅಮೃತಸರಕ್ಕೆ ಕರ್ಕೊಂಡು ಹೋಗಿದ್ರು. ಗ್ರಂಥಕ್ಕೆ ಚಿನ್ನದ ಪಲ್ಲಕ್ಕಿ, ಹೂವಿನ ಅಲಂಕಾರ, ಚಾಮರ, ರಾತ್ರಿ ಮಲಗಿಸೋದು ಎಲ್ಲಾ ನೋಡಿದೆ. ವಾಪಸ್ ಬರುವಾಗ "ನಮ್ಮಲ್ಲೂ ದೇವರಿಗೆ ಹೀಗೇ ಶಯನೋತ್ಸವ ಮಾಡ್ತಾರೆ ಆಂಟಿ" ಅಂದೆ. ಅವರು "ಇದು ಮೂರ್ತಿ ಪೂಜೆ ಅಲ್ಲ ಬೇಟಾ, ಇಕ್ ಓಂಕಾರ್" ಅಂತ ಹೇಳಿ ಸುಮ್ಮನಾದ್ರು. ದೇವರು ಒಬ್ಬನೇ, ಅವನಿಗೆ ಆಕಾರ ಇಲ್ಲ ಅನ್ನೋರು ಪುಸ್ತಕಕ್ಕೆ ಇಷ್ಟೆಲ್ಲ ಯಾಕೆ ಮಾಡ್ತಾರೆ? ಇಕ್ ಓಂಕಾರ್ ಅಂದ್ರೆ ನಮ್ಮ ಓಂ ತಾನೇ? ಮುಂದಿನ ತಿಂಗಳು ಅವರ ಮನೇಲಿ ಪಾಠ್ ಇದೆ, ಕರೆದಿದ್ದಾರೆ, ಏನು ತಗೊಂಡು ಹೋಗ್ಲಿ?

ಉತ್ತರ: ನಿಮ್ಮ ಮಾತಲ್ಲಿ ತಪ್ಪು ಹುಡುಕೋ ಅಂಥದ್ದೇನಿಲ್ಲ ಬಿಡಿ, ಪಲ್ಲಕ್ಕಿ ಚಾಮರ ಅಂದ್ರೆ ನಮ್ಮ ಕಣ್ಣಿಗೆ ಮೊದಲು ಬರೋದೇ ದೇವಸ್ಥಾನ. ಆದ್ರೆ ಒಂದು ವಿಷಯ ಗಮನಿಸಿ, ನಮ್ಮ ಪೂಜೇಲಿ ಕೊನೆಗೆ ಛತ್ರಂ ಸಮರ್ಪಯಾಮಿ ಚಾಮರಂ ಸಮರ್ಪಯಾಮಿ ಅಂತ ಹೇಳಿ ಸಮಸ್ತ ರಾಜೋಪಚಾರ ಅಂತ ಮುಗಿಸ್ತಾರಲ್ಲ, ಹೆಸರಲ್ಲೇ ಇದೆ, ಅದು ರಾಜನಿಗೆ ಮಾಡೋ ಮರ್ಯಾದೆ. ನಾವು ಅದನ್ನ ದೇವರಿಗೆ ಮಾಡ್ತೀವಿ, ಸಿಖ್ಖರು ಗುರುವಿಗೆ ಮಾಡ್ತಾರೆ. ಗುರುವನ್ನ ಅವರು ಸಚ್ಚಾ ಪಾತ್‌ಶಾಹ್, ಅಂದ್ರೆ ನಿಜವಾದ ಬಾದಶಹ ಅಂತ ಕರೀತಾರೆ, ದಿಲ್ಲಿಲಿ ಮೊಘಲರು ಸಿಂಹಾಸನದ ಮೇಲೆ ಕೂತಿದ್ದ ಕಾಲದಲ್ಲಿ ಹಾಗೆ ಕರೆಯೋದಕ್ಕೆ ಧೈರ್ಯ ಬೇಕಿತ್ತು ಅನ್ನೋದು ಬೇರೆ ಮಾತು. ಅಂದ್ರೆ ನೀವು ನೋಡಿದ್ದು ದರ್ಬಾರು. ಹರ್ಮಂದಿರ್ ಸಾಹಿಬ್‌ಗೆ, ಅಂದ್ರೆ ಸ್ವರ್ಣಮಂದಿರಕ್ಕೆ, ಅಲ್ಲಿನವರು ದರ್ಬಾರ್ ಸಾಹಿಬ್ ಅಂತಾನೇ ಹೇಳೋದು. ಆ ಚಂದೋವದ, ಅಂದ್ರೆ ಮೇಲ್ಕಟ್ಟಿನ, ಕೆಳಗೆ ಇರೋದು ದೇವರಲ್ಲ, ಗುರು. ಆಂಟಿ ಎರಡೇ ಮಾತಲ್ಲಿ ಹೇಳಿದ್ದು ಇದನ್ನೇ ಅನ್ಸತ್ತೆ, ನಾನು ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಮೊದಲು ನೀವು ಹೋಗಿದ್ದ ಹಬ್ಬ ಯಾವುದು ಅಂತ. 1604ರಲ್ಲಿ ಐದನೇ ಗುರು ಅರ್ಜನ್ ದೇವ್ ಅವರು ಅದುವರೆಗಿನ ಗುರುಗಳ ಪದಗಳನ್ನೂ ಬೇರೆ ಸಂತರ ಪದಗಳನ್ನೂ ಒಟ್ಟು ಮಾಡಿ, ಅಮೃತಸರದ ರಾಮ್‌ಸರ್ ಅನ್ನೋ ಕೊಳದ ದಂಡೇಲಿ ಕೂತು, ಭಾಯಿ ಗುರ್‌ದಾಸ್ ಕೈಲಿ ಬರೆಸಿ ಆ ಗ್ರಂಥವನ್ನ ಹರ್ಮಂದಿರ್ ಸಾಹಿಬ್‌ನಲ್ಲಿ ಮೊದಲ ಸಲ ತೆರೆದಿಟ್ರು. ಅದೇ ಪೆಹ್ಲಾ ಪ್ರಕಾಶ್. ಗ್ರಂಥ ತೆರೆದು ಇಡೋದಕ್ಕೆ ಪ್ರಕಾಶ್ ಅಂತಾನೇ ಹೇಳೋದು. ಬಾಬಾ ಬುಡ್ಢಾ ಅನ್ನೋ ಹಿರಿಯರು ಗ್ರಂಥವನ್ನ ತಲೆ ಮೇಲೆ ಹೊತ್ತು ನಡೆದ್ರು, ಗುರು ಅರ್ಜನ್ ದೇವ್ ಅವರೇ ಚಾಮರ ಬೀಸ್ತಾ ಹಿಂದೆ ಬಂದ್ರು, ಆ ರಾತ್ರಿ ಗ್ರಂಥ ಮಂಚದ ಮೇಲೆ ಇಟ್ಟು ತಾವು ಪಕ್ಕದಲ್ಲಿ ನೆಲದ ಮೇಲೆ ಮಲಗಿದ್ರು ಅಂತ ಸಂಪ್ರದಾಯ ಹೇಳತ್ತೆ. ಬಾಬಾ ಬುಡ್ಢಾ ಅವರೇ ಮೊದಲ ಗ್ರಂಥಿ, ಅಂದ್ರೆ ಗ್ರಂಥ ಓದಿ ನೋಡಿಕೊಳ್ಳೋರು, ಆದ್ರು. ಈಗಲೂ ಆ ದಿನ ರಾಮ್‌ಸರ್ ಗುರುದ್ವಾರದಿಂದ ಹರ್ಮಂದಿರ್‌ಗೆ ನಗರ್ ಕೀರ್ತನ್ ಅನ್ನೋ ಮೆರವಣಿಗೆ ಬರೋದು ಇದೇ ಕಾರಣಕ್ಕೆ, ಆಗಸ್ಟ್ ಕೊನೆ ಸೆಪ್ಟೆಂಬರ್ ಶುರು ಹೊತ್ತಿಗೆ. ಗುರುನಾನಕ್ ಜಯಂತಿಗೂ ಪ್ರಕಾಶ್ ಪುರಬ್ ಅಂತಾನೇ ಹೇಳ್ತಾರೆ, ಅದು ಕಾರ್ತಿಕ ಹುಣ್ಣಿಮೆ, ಕನ್‌ಫ್ಯೂಸ್ ಮಾಡ್ಕೋಬೇಡಿ. 1604ರ ಆ ಮೂಲ ಪ್ರತಿ ಅಂತ ಹೇಳೋ ಹಸ್ತಪ್ರತಿ ಜಲಂಧರ್ ಹತ್ರದ ಕರ್ತಾರ್‌ಪುರದಲ್ಲಿ ಸೋಢಿ ಮನೆತನದವರ ಹತ್ರ ಇದೆ.

ಅಂದ್ರೆ ಗ್ರಂಥಕ್ಕೆ ಗೌರವ ಕೊಡೋದು ಶುರುವಾಗಿದ್ದೇ ಒಬ್ಬ ಗುರು ಬದುಕಿರುವಾಗಲೇ, ಅದೂ ಆ ಗುರುವಿನ ಕೈಯಿಂದಲೇ. ಇದು ವಿಚಿತ್ರ ಅನ್ಸಬಹುದು, ಗುರು ಎದುರಿಗೇ ಇರುವಾಗ ಪುಸ್ತಕಕ್ಕೆ ಯಾಕೆ ಎತ್ತರದ ಜಾಗ ಅಂತ. ಇದಕ್ಕೆ ಉತ್ತರ ಕನ್ನಡದವರಿಗೆ ಬೇರೆ ಯಾರಿಗಿಂತ ಸುಲಭವಾಗಿ ಅರ್ಥ ಆಗತ್ತೆ, ಯಾಕಂದ್ರೆ ನಮಗೆ ಅಂಕಿತ ಅಂದ್ರೆ ಏನು ಅಂತ ಗೊತ್ತು.

ನಮ್ಮಲ್ಲಿ ಪದದ ಕೊನೇಲಿ ಪುರಂದರವಿಠಲ ಅಂತ ಬಂದ್ರೆ ಪುರಂದರದಾಸರು, ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಗುಹೇಶ್ವರ ಅಂದ್ರೆ ಅಲ್ಲಮ, ಒಬ್ಬೊಬ್ಬರಿಗೆ ಒಂದೊಂದು. ಗುರು ಗ್ರಂಥ ಸಾಹಿಬ್‌ನಲ್ಲಿ ಆರು ಜನ ಗುರುಗಳ ಪದಗಳಿವೆ, ಗುರುನಾನಕ್, ಅಂಗದ್, ಅಮರ್‌ದಾಸ್, ರಾಮ್‌ದಾಸ್, ಅರ್ಜನ್ ದೇವ್ ಮತ್ತೆ ಒಂಬತ್ತನೆಯವರಾದ ತೇಗ್ ಬಹಾದೂರ್ (ಇವರ ಪದಗಳು 1604 ಆದ ಮೇಲೆ ಸೇರಿದ್ದು), ಆದ್ರೆ ಈ ಆರೂ ಜನರ ಅಂಕಿತ ಒಂದೇ: ನಾನಕ್. ಗುರುನಾನಕ್ ತೀರಿಕೊಂಡಿದ್ದು 1539ರಲ್ಲಿ, ತೇಗ್ ಬಹಾದೂರ್ ಅವರನ್ನ ದಿಲ್ಲಿಲಿ ಕೊಂದಿದ್ದು 1675ರಲ್ಲಿ, ನೂರು ವರ್ಷದ ಮೇಲೆ ಆಗಿಹೋಗಿದ್ರೂ ಅವರು ತಮ್ಮ ಪದದಲ್ಲಿ ಹಾಕಿದ್ದು ನಾನಕ್ ಅಂತಾನೇ. ಯಾರದ್ದು ಯಾವ ಪದ ಅಂತ ಗೊತ್ತಾಗೋದು ತಲೆಬರಹದಲ್ಲಿ ಮಹಲಾ 1, ಮಹಲಾ 5, ಮಹಲಾ 9 ಅಂತ ಎಷ್ಟನೇ ಗುರು ಅನ್ನೋದನ್ನ ಹಾಕಿರೋದರಿಂದ ಮಾತ್ರ. ದೇಹ ಹತ್ತು, ಒಳಗಿನ ಜ್ಯೋತಿ ಒಂದೇ ಅನ್ನೋದು ಸಿಖ್ಖರ ನಂಬಿಕೆ. ಹಾಗಿದ್ದ ಮೇಲೆ ಗುರು ಅನ್ನೋದು ಮೊದಲಿಂದಲೂ ಆ ದೇಹ ಆಗಿರಲೇ ಇಲ್ಲ, ಆ ಬಾಯಿಂದ ಬಂದ ಶಬದ್, ಅಂದ್ರೆ ಆ ಮಾತು, ಗುರು. ನಾಲ್ಕನೇ ಗುರು ರಾಮ್‌ದಾಸ್ ಇದನ್ನ ನೇರವಾಗಿ ಹೇಳ್ತಾರೆ, ಬಾಣೀ ಗುರೂ ಗುರೂ ಹೈ ಬಾಣೀ, ವಾಣಿಯೇ ಗುರು ಗುರುವೇ ವಾಣಿ ಅಂತ. 1708ರಲ್ಲಿ ನಾಂದೇಡ್‌ನಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್ ಕೊನೇ ದಿನಗಳಲ್ಲಿ ಇನ್ಮೇಲೆ ಮನುಷ್ಯ ಗುರು ಇಲ್ಲ ಗ್ರಂಥವೇ ಗುರು ಅಂದಾಗ ಅದು ದಿಢೀರಂತ ಬಂದ ತೀರ್ಮಾನ ಆಗಿರಲಿಲ್ಲ, ಮೊದಲಿಂದಲೂ ಇದ್ದ ಮಾತಿಗೆ ಕೊನೇ ಮುದ್ರೆ ಬಿತ್ತು ಅಷ್ಟೆ. ಗುರುದ್ವಾರದಲ್ಲಿ ಅರ್ದಾಸ್, ಅಂದ್ರೆ ಪ್ರಾರ್ಥನೆ, ಮುಗಿದ ಮೇಲೆ ಎಲ್ಲರೂ ಒಟ್ಟಿಗೆ "ಸಬ್ ಸಿಖನ್ ಕೋ ಹುಕಮ್ ಹೈ ಗುರೂ ಮಾನಿಯೋ ಗ್ರಂಥ್" ಅಂತಾರಲ್ಲ, ಇದೇ ಅದು.

ಈ ಗುರುಪದವಿಯನ್ನ ಭಾರತದ ಕಾನೂನೂ ಒಪ್ಪಿದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 2000ದಲ್ಲಿ ಒಂದು ಆಸ್ತಿ ಕೇಸಲ್ಲಿ ಸುಪ್ರೀಂ ಕೋರ್ಟ್ ಗುರು ಗ್ರಂಥ ಸಾಹಿಬ್ ಕಾನೂನಿನ ದೃಷ್ಟಿಲಿ ಒಬ್ಬ ವ್ಯಕ್ತಿ, ಆಸ್ತಿ ಹೊಂದಬಹುದು ಅಂತ ತೀರ್ಪು ಕೊಡ್ತು. ದೇವಸ್ಥಾನದ ಮೂರ್ತಿಗೂ ಅಂಥ ಸ್ಥಾನ ಹಿಂದಿನಿಂದ ಇದೆ, ಆದ್ರೆ ಕೋರ್ಟು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ, ಸಿಖ್ ಧರ್ಮದಲ್ಲಿ ಮೂರ್ತಿ ಪೂಜೆ ಇಲ್ಲ, ಗ್ರಂಥವನ್ನ ಗುರುವಾಗಿ ಪ್ರತಿಷ್ಠಾಪಿಸೋದರಿಂದ ಈ ಸ್ಥಾನ ಬರತ್ತೆ ಅಂತ ಬಿಡಿಸಿ ಹೇಳ್ತು. ಆಂಟಿ ಹೇಳಿದ್ದನ್ನೇ ಕೋರ್ಟೂ ಹೇಳಿದೆ ಅನ್ನಿ.

ಹಾಗಂತ ಗೆರೆ ಯಾವಾಗಲೂ ಸ್ಪಷ್ಟವಾಗಿ ಇರತ್ತೆ ಅಂತ ನಾನು ಹೇಳಲ್ಲ. 1945ರಲ್ಲಿ ಗುರುದ್ವಾರಗಳನ್ನ ನೋಡಿಕೊಳ್ಳೋ ಶಿರೋಮಣಿ ಗುರುದ್ವಾರ ಪ್ರಬಂಧಕ್ ಕಮಿಟಿ ಒಪ್ಪಿದ ರೆಹತ್ ಮರ್ಯಾದಾ ಅನ್ನೋ ನಿಯಮಾವಳಿಲಿ ಗ್ರಂಥಕ್ಕೆ ದೀಪ ಧೂಪದ ಆರತಿ ಎತ್ತಬಾರದು, ಗಂಟೆ ಜಾಗಟೆ ಬಾರಿಸಬಾರದು, ನೈವೇದ್ಯ ಇಡಬಾರದು, ಪಾಠ್, ಅಂದ್ರೆ ಗ್ರಂಥದ ಪಾರಾಯಣ, ನಡೆಯುವಾಗ ಪಕ್ಕದಲ್ಲಿ ಕಲಶ ತೆಂಗಿನಕಾಯಿ ಇಡಬಾರದು ಅಂತ ಒಂದೊಂದಾಗಿ ಬರೆದಿದ್ದಾರೆ. ಬರೆಯಬೇಕಾಗಿ ಬಂತು ಅಂದ್ರೇನೇ ಜನ ಅದನ್ನೆಲ್ಲ ಮಾಡ್ತಿದ್ರು ಅಂತ ಅರ್ಥ ಅಲ್ವಾ. ನಾಂದೇಡ್‌ನ ಹಜೂರ್ ಸಾಹಿಬ್‌ನಲ್ಲಿ ಈಗಲೂ ದೀಪ ಹಚ್ಚಿ ಆರತಿ ಮಾಡೋ ಹಳೇ ಸಂಪ್ರದಾಯ ನಡ್ಕೊಂಡು ಬಂದಿದೆ. ದುಡ್ಡು ಕೊಟ್ಟು ಅಖಂಡ ಪಾಠ್ ಬುಕ್ ಮಾಡಿ, ಓದೋರು ಓದ್ತಾ ಇರ್ತಾರೆ ಮನೆಯವರು ಅಡುಗೆ ಶಾಮಿಯಾನ ಅಂತ ಓಡಾಡ್ತಾ ಇರ್ತಾರೆ, ಕೇಳೋರು ಯಾರೂ ಇಲ್ಲ ಅಂತ ಸಿಖ್ಖರೇ ಸಿಖ್ಖರನ್ನ ಬೈಯೋದುಂಟು. ನನ್ನ ಅಭಿಪ್ರಾಯ ಕೇಳಿದ್ರೆ ಗ್ರಂಥಕ್ಕೆ ಮಾಡೋ ಮರ್ಯಾದೆ ಎಷ್ಟು ದೊಡ್ಡದಾದ್ರೂ ಪರವಾಗಿಲ್ಲ, ಅದನ್ನ ತೆರೆದು ಓದ್ತಾರಾ ಅನ್ನೋದೇ ಮುಖ್ಯ, ಯಾಕಂದ್ರೆ ಗುರು ಅಂದ ಮೇಲೆ ಮಾತಾಡಬೇಕಲ್ವಾ. ಮಾತಾಡೋದು ಹುಕಮ್‌ನಾಮಾ ಮೂಲಕ. ಗ್ರಂಥಿ ಅರ್ದಾಸ್ ಆದ ಮೇಲೆ ಗ್ರಂಥವನ್ನ ಅದಾಗೇ ತೆರೆದುಕೊಂಡ ಕಡೆ ಬಿಡಿಸಿ ಎಡಗಡೆ ಪುಟದ ಮೇಲ್ತುದಿಲಿ ಇರೋ ಪದ ಓದ್ತಾರೆ, ಆ ಪದ ಹಿಂದಿನ ಪುಟದಲ್ಲಿ ಶುರುವಾಗಿದ್ರೆ ಒಂದು ಹಾಳೆ ಹಿಂದಕ್ಕೆ ತಿರುಗಿಸಿ ಮೊದಲಿಂದ ಓದ್ತಾರೆ, ಅದು ಆ ದಿನ ಗುರು ಕೊಟ್ಟ ಅಪ್ಪಣೆ. ದರ್ಬಾರ್ ಸಾಹಿಬ್‌ನ ಬೆಳಗಿನ ಹುಕಮ್‌ನಾಮಾ ಈಗ ಕೆನಡಾದವರ ವಾಟ್ಸಾಪ್‌ಗೂ ಹೋಗತ್ತೆ.

ಈಗ ಇಕ್ ಓಂಕಾರ್. ನಮ್ಮ ಓಂ ತಾನೇ ಅಂದ್ರೆ ಹೌದು ಮತ್ತು ಅಲ್ಲ. ಗುರುಮುಖಿಲಿ ಬರೆದಿದ್ದು ನೋಡಿದ್ರೆ ಮೊದಲು 1 ಅಂತ ಅಂಕಿ ಇದೆ, ಅಕ್ಷರದಲ್ಲಿ ಬರೆದ ಒಂದು ಅಲ್ಲ, ಅಂಕಿಯೇ. ಅದರ ಪಕ್ಕದಲ್ಲಿ ಓಂಕಾರದ ಅಕ್ಷರ, ಬಾಲ ಮೇಲಕ್ಕೆ ಎಳೆದಿದ್ದು. ಗ್ರಂಥ ಬರೆದ ಭಾಯಿ ಗುರ್‌ದಾಸರೇ ತಮ್ಮ ಸ್ವಂತ ಪದಗಳಲ್ಲಿ ಮೊದಲು ಒಂದನ್ನ ಬರೆದು ಪಕ್ಕದಲ್ಲಿ ಓಂಕಾರ ಕೂರಿಸಿದ ಅಂತ ವಿವರಿಸ್ತಾರೆ. ನಮ್ಮ ಕಡೆ ಓಂ ಅನ್ನ ಅ ಉ ಮ ಅಂತ ಬಿಡಿಸಿ ಮೂರಕ್ಕೆ ಮೂರು ದೇವರನ್ನ ಹೊಂದಿಸೋ ರೂಢಿ ಇದೆ, ಮುಂದೆ 1 ಇಟ್ಟ ಮೇಲೆ ಹಾಗೆ ಬಿಡಿಸೋಕೆ ಬರಲ್ಲ ಅನ್ನೋದು ಅನೇಕ ಸಿಖ್ ವಿದ್ವಾಂಸರ ವಾದ.

ಅಲ್ಲಿಗೇ ನಿಲ್ಲಿಸಿದ್ರೆ ಅದು ಬರೀ ಲೆಕ್ಕ ಆಗತ್ತೆ, ದೇವರು ಎಷ್ಟು ಜನ ಅಂದ್ರೆ ಒಬ್ಬ ಅಂತ. ಇಕ್ ಓಂಕಾರ್‌ನಿಂದ ಶುರುವಾಗೋ, ಗ್ರಂಥದ ಮೊದಲ ಸಾಲಾದ ಮೂಲ್ ಮಂತರ್ ಮುಂದಕ್ಕೆ ಕೇಳಿ: ಸತ್ ನಾಮ್, ಕರ್ತಾ ಪುರಖ್, ನಿರ್‌ಭೌ, ನಿರ್‌ವೈರ್, ಅಕಾಲ್ ಮೂರತ್, ಅಜೂನಿ, ಸೈಭಂ, ಗುರ್ ಪ್ರಸಾದ್. ಅರ್ಧಕ್ಕರ್ಧ ನಮಗೆ ಅರ್ಥ ಹೇಳೋದೇ ಬೇಕಿಲ್ಲ. ಸೈಭಂ ಅಂದ್ರೆ ಸ್ವಯಂಭು. ಅಜೂನಿ ಅಂದ್ರೆ ಯೋನಿಯಿಂದ ಹುಟ್ಟದವನು, ಹಾಗಾಗಿ ಅವತಾರದ ಮಾತು ಇಲ್ಲಿ ಬರಲ್ಲ, ಗ್ರಂಥದಲ್ಲಿ ರಾಮ ಹರಿ ಗೋಬಿಂದ್ ಅಲ್ಲಾಹ್ ಎಲ್ಲಾ ಹೆಸರೂ ಬರತ್ತೆ, ಆದ್ರೆ ರಾಮ್ ಅಂದಾಗ ಅದು ದಶರಥನ ಮಗ ಅಲ್ಲ, ಆ ಒಬ್ಬನದೇ ಇನ್ನೊಂದು ಹೆಸರು. ನಮ್ಮ ಬಸವಣ್ಣನವರ ದೇವನೊಬ್ಬ ನಾಮ ಹಲವು ನೆನಪಾಗತ್ತೆ ಅಲ್ವಾ, ಅಲ್ಲಿ ಮುಂದಿನ ಸಾಲಲ್ಲೇ ಪತಿವ್ರತೆಗೆ ಗಂಡ ಒಬ್ಬನೇ ಅಂತ ಬರತ್ತೆ, ಗುರುನಾನಕರೂ ಒಡೆಯ ಒಬ್ಬನೇ ಮಿಕ್ಕವರೆಲ್ಲ ಅವನ ಹೆಂಡಿರು ಅಂತ ಹಾಡಿದ್ದಾರೆ. ಇನ್ನು ನಿರ್‌ಭೌ ನಿರ್‌ವೈರ್, ಭಯ ಇಲ್ಲದವನು ವೈರ ಇಲ್ಲದವನು. ಎರಡನೆಯವನೇ ಇಲ್ಲ ಅಂದ ಮೇಲೆ ಯಾರಿಗೆ ಹೆದರಬೇಕು, ಯಾರ ಮೇಲೆ ದ್ವೇಷ ಮಾಡಬೇಕು? ನನಗೆ ಇಡೀ ಮೂಲ್ ಮಂತರ್‌ನಲ್ಲಿ ತುಂಬಾ ತೂಕದ್ದು ಅನ್ಸೋದು ಈ ಎರಡೇ, ಯಾಕಂದ್ರೆ ಇಲ್ಲಿಗೆ ಬಂದಾಗ ಒಬ್ಬನೇ ದೇವರು ಅನ್ನೋದು ಸಿದ್ಧಾಂತವಾಗಿ ಉಳಿಯಲ್ಲ, ನೀವು ಪಕ್ಕದವರ ಜೊತೆ ಹೇಗಿರ್ತೀರ ಅನ್ನೋ ಪ್ರಶ್ನೆ ಆಗಿಬಿಡತ್ತೆ.

ಓ ಹಾಗಾದ್ರೆ ಇದು ಅದ್ವೈತ ಅಂತ ಆಂಟಿ ಮುಂದೆ ಹೇಳೋಕೆ ಹೋಗ್ಬೇಡಿ. ಸಿಖ್ಖರಲ್ಲೇ ನಿರ್ಮಲ ಅನ್ನೋ ಪಂಥದ ಸಾಧುಗಳು ವೇದಾಂತದ ಕಡೆ ಎಳೆದು ಅರ್ಥ ಹೇಳ್ತಾ ಬಂದಿದ್ದಾರೆ ನಿಜ, 19ನೇ ಶತಮಾನದ ಕೊನೇಲಿ ಬಂದ ಸಿಂಗ್ ಸಭಾ ಅನ್ನೋ ಸುಧಾರಣಾ ಚಳವಳಿಯವರು ಅದನ್ನ ಒಪ್ಪಲಿಲ್ಲ. ಗುರುನಾನಕರು ಜಗತ್ತು ಮಿಥ್ಯೆ ಅಂತ ಪಕ್ಕಕ್ಕೆ ತಳ್ಳಲ್ಲ, ಬೆಳಗಿನ ಜಾವ ಹಾಡೋ ಆಸಾ ದೀ ವಾರ್‌ನಲ್ಲಿ ನಿನ್ನ ಖಂಡಗಳೂ ಸತ್ಯ ಬ್ರಹ್ಮಾಂಡಗಳೂ ಸತ್ಯ ಅಂತಾರೆ. ಸಂಸಾರ ಬಿಡು ಅಂತಾನೂ ಹೇಳಲ್ಲ, ದುಡಿ, ಹಂಚಿ ತಿನ್ನು, ನಾಮ ನೆನೆ ಅಷ್ಟೆ.

ಏಕತೆ ಅನ್ನೋದನ್ನ ಕಣ್ಣಲ್ಲಿ ನೋಡಬೇಕು ಅಂದ್ರೆ ಗ್ರಂಥದ ಒಳಗೆ ಯಾರ್ಯಾರು ಕೂತಿದ್ದಾರೆ ಅಂತ ನೋಡಿ. ಒಟ್ಟು 1430 ಪುಟ, ಅದಕ್ಕೆ ಪುಟ ಅನ್ನಲ್ಲ ಅಂಗ್ ಅಂತಾರೆ, ಇವತ್ತು ಯಾವ ಗುರುದ್ವಾರಕ್ಕೆ ಹೋದ್ರೂ ಒಂದು ಪದ ಅದೇ ಅಂಗ್‌ನಲ್ಲೇ ಸಿಗತ್ತೆ. ಜೋಡಿಸಿರೋದು 31 ರಾಗಗಳ ಪ್ರಕಾರ, ವಿಷಯದ ಪ್ರಕಾರ ಅಲ್ಲ. ಒಂದು ರಾಗದಲ್ಲಿ ಮೊದಲು ಗುರುಗಳ ಪದ, ಆಮೇಲೆ ಭಗತರು, 15 ಜನ. ನೇಕಾರ ಕಬೀರರದು 500ಕ್ಕೂ ಜಾಸ್ತಿ ಪದ ಮತ್ತು ದೋಹೆ, ಕಾಶಿಯ ಚಮ್ಮಾರ ರವಿದಾಸರದು ಸುಮಾರು 40, ಪಾಕ್‌ಪಟ್ಟಣದ ಸೂಫಿ ಶೇಖ್ ಫರೀದ್, ಜಾಟರ ಧನ್ನಾ, ಕ್ಷೌರಿಕ ಸೈನ್, ಗೀತಗೋವಿಂದದ ಜಯದೇವ ಕೂಡ. ಗ್ರಂಥಕ್ಕೆ ಹಣೆ ಹಚ್ಚಿದ್ರೆ ಖತ್ರಿ ಕುಲದ ಗುರುಗಳಿಗಷ್ಟೇ ಅಲ್ಲ, ಚಮ್ಮಾರನ ಮಾತಿಗೂ ಮುಸ್ಲಿಮನ ಮಾತಿಗೂ ಹಣೆ ಹಚ್ಚಿದ ಹಾಗೆ, ಬಿಡಿಸಿ ಒಬ್ಬರಿಗೆ ಮಾತ್ರ ನಮಸ್ಕಾರ ಮಾಡೋಕೆ ಆಗಲ್ಲ. 1604ರಲ್ಲಿ ಇದು ಎಂಥ ಕೆಲಸ ಅಂತ ಯೋಚನೆ ಮಾಡಿ.

ಏಕತೆ ಅಂದ್ರೆ ಎಲ್ಲರೂ ಒಂದೇ ಮಾತಾಡಿದ್ರು ಅಂತಾನೂ ಅಲ್ಲ. 1384ನೇ ಅಂಗ್‌ನಲ್ಲಿ ಫರೀದರ ಸಾಲುಗಳಿವೆ, ಮೈ ತಂದೂರಿನ ಹಾಗೆ ಕಾಯ್ತಿದೆ, ಮೂಳೆ ಸೌದೆಯ ಹಾಗೆ ಉರೀತಿದೆ, ಕಾಲು ಸೋತ್ರೆ ತಲೆ ಮೇಲೆ ನಡೆದಾದ್ರೂ ನಲ್ಲನನ್ನ ಸೇರ್ತೀನಿ ಅಂತ. ಅದರ ಕೆಳಗೇ ಗುರುನಾನಕರ ಉತ್ತರ: ಮೈಯನ್ನ ತಂದೂರಿನ ಹಾಗೆ ಕಾಯಿಸಬೇಡ, ಮೂಳೆಯನ್ನ ಸೌದೆ ಮಾಡಿ ಸುಡಬೇಡ, ತಲೆ ಕಾಲು ನಿನಗೇನು ಮಾಡಿದ್ವು, ನಲ್ಲ ಒಳಗೇ ಇದ್ದಾನೆ ನೋಡು. ಫರೀದರ ಕಾಲ ಗುರುನಾನಕರಿಗಿಂತ ಇನ್ನೂರು ವರ್ಷ ಹಿಂದೆ. ಅವರ ಮಾತು ಒಪ್ಪಿಗೆ ಆಗಲಿಲ್ಲ ಅಂತ ತೆಗೆದು ಹಾಕಲಿಲ್ಲ, ಅದನ್ನೂ ಇಟ್ಟು ಉತ್ತರವನ್ನೂ ಪಕ್ಕದಲ್ಲೇ ಇಟ್ರು, ಎರಡಕ್ಕೂ ಒಂದೇ ರುಮಾಲಾ ವಸ್ತ್ರ ಹೊದಿಸ್ತಾರೆ.

ನಾಮದೇವರನ್ನ ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ನಮ್ಮ ಉತ್ತರ ಕರ್ನಾಟಕದ ನಾಮದೇವ ಸಿಂಪಿ ಸಮಾಜದವರ ಅದೇ ನಾಮದೇವ, ಪಂಢರಪುರದವರು, ಗ್ರಂಥದಲ್ಲಿ ಅವರ ಸುಮಾರು 60 ಪದಗಳಿವೆ. ಒಂದರಲ್ಲಿ ಹೇಳ್ತಾರೆ, ನಗ್ತಾ ಆಡ್ತಾ ನಿನ್ನ ಗುಡಿಗೆ ಬಂದೆ, ಭಕ್ತಿ ಮಾಡ್ತಿದ್ದವನನ್ನ ಹಿಡಿದು ಎಬ್ಬಿಸಿ ಕಳಿಸಿದ್ರು, ನನ್ನ ಜಾತಿ ಕೀಳು ಯಾದವರಾಯ, ಯಾಕೆ ಈ ಕುಲದಲ್ಲಿ ಹುಟ್ಟಿಸಿದೆ ಅಂತ. ಕಂಬಳಿ ತಗೊಂಡು ಗುಡಿಯ ಹಿಂದೆ ಹೋಗಿ ಕೂತ್ಕೊಂಡ್ರು, ನಾಮದೇವರು ಹಾಡ್ತಾ ಹಾಡ್ತಾ ಗುಡಿಯೇ ಅವರ ಕಡೆ ತಿರುಗಿ ಪಂಡಿತರಿಗೆ ಬೆನ್ನು ಹಾಕ್ತು. ಉಡುಪಿ ಕನಕನ ಕಿಂಡಿ ಗೊತ್ತಿರೋರಿಗೆ ಇದನ್ನ ವಿವರಿಸಬೇಕಾ? ಕಂಬಳಿ ಸಹಿತ ಅದೇ ಕಥೆ. ಆಂಟಿ ಹತ್ರ ಮಾತು ಮುಂದುವರಿಸೋದಕ್ಕೆ ಶಯನೋತ್ಸವಕ್ಕಿಂತ ಇದು ಒಳ್ಳೆ ದಾರಿ ಅನ್ಸತ್ತೆ, ಕನಕದಾಸರ ಕಥೆ ಹೇಳಿ ನೋಡಿ. ಜೊತೆಗೆ ಬೀದರ್ ಹೆಸರೂ ತೆಗೀರಿ, ಗುರುನಾನಕ್ ಬಂದಿದ್ರು ಅಂತ ನಂಬೋ ನಾನಕ್ ಝೀರಾ ಅಲ್ಲೇ ಇರೋದು, 1699ರಲ್ಲಿ ಖಾಲ್ಸಾ, ಅಂದ್ರೆ ದೀಕ್ಷೆ ತಗೊಂಡ ಸಿಖ್ಖರ ಪಂಥ, ಹುಟ್ಟಿದಾಗ ತಲೆ ಕೊಡೋಕೆ ಎದ್ದು ನಿಂತ ಪಂಜ್ ಪ್ಯಾರೇ ಐದು ಜನರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ಬೀದರ್‌ನ ಕ್ಷೌರಿಕ ಮನೆತನದವರು. ಪಂಜಾಬಿನ ಮಕ್ಕಳಿಗೂ ಬೀದರ್ ಅನ್ನೋ ಹೆಸರು ಗೊತ್ತಿರತ್ತೆ, ನಮ್ಮಲ್ಲೇ ಎಷ್ಟೋ ಜನಕ್ಕೆ ಈ ನಂಟು ಗೊತ್ತಿಲ್ಲ.

ಇನ್ನು ಮುಂದಿನ ತಿಂಗಳ ವಿಷಯ. ಅಖಂಡ ಪಾಠ್ ಆದ್ರೆ ನಿಲ್ಲಿಸದೆ ಹಗಲು ರಾತ್ರಿ ಓದಿ ಸುಮಾರು 48 ಗಂಟೇಲಿ ಮುಗಿಸ್ತಾರೆ, ಸಹಜ್ ಪಾಠ್ ಆದ್ರೆ ನಿಧಾನಕ್ಕೆ, ಕೊನೇ ದಿನಕ್ಕೆ ಭೋಗ್ ಅಂತಾರೆ, ನಿಮ್ಮನ್ನ ಬಹುಶಃ ಭೋಗ್‌ಗೆ ಕರೆದಿರ್ತಾರೆ. ತಲೆಗೆ ದುಪಟ್ಟಾ, ಮನೆಯವರಿಗೆ ಕರ್ಚೀಫ್ ಸಾಕು, ಚಪ್ಪಲಿ ಹೊರಗೆ, ಗ್ರಂಥದ ಕಡೆ ಕಾಲು ಚಾಚಬೇಡಿ. ನಮಸ್ಕಾರ ಮಾಡಲೇಬೇಕು ಅಂತ ಯಾರೂ ಒತ್ತಾಯ ಮಾಡಲ್ಲ, ಮಾಡಿದ್ರೆ ಸಂತೋಷ. ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಬೇಡ. ರುಮಾಲಾ ಸಾಹಿಬ್, ಅಂದ್ರೆ ಗ್ರಂಥಕ್ಕೆ ಹೊದಿಸೋ ವಸ್ತ್ರ, ಗುರುದ್ವಾರದ ಹತ್ರದ ಅಂಗಡಿಗಳಲ್ಲಿ ಸಿಗತ್ತೆ, ಅದು ಕೊಡಬಹುದು, ಆದ್ರೆ ಅವರ ಹತ್ರ ರಾಶಿ ಇರತ್ತೆ, ಲಂಗರ್‌ಗೆ, ಅಂದ್ರೆ ಬಂದವರಿಗೆಲ್ಲ ಹಾಕೋ ಊಟಕ್ಕೆ, ಅಂತ ಗೋಧಿ ಹಿಟ್ಟು, ಬೇಳೆ, ಹಾಲು, ತುಪ್ಪ ಕೊಟ್ರೆ ಹೆಚ್ಚು ಉಪಯೋಗ. ಕಡಾಹ್ ಪ್ರಸಾದ್ ಎರಡೂ ಕೈ ಸೇರಿಸಿ ಬೊಗಸೇಲಿ ತಗೊಳ್ಳಿ, ಗೋಧಿ ಹಿಟ್ಟು ತುಪ್ಪ ಸಕ್ಕರೆ ಮೂರೂ ಸಮಸಮ ಹಾಕಿ ಮಾಡಿರ್ತಾರೆ, ಅರ್ದಾಸ್ ಆದ ಮೇಲೆ ಕಿರ್ಪಾನ್ ಅನ್ನೋ ಚಿಕ್ಕ ಕತ್ತಿ ಮುಟ್ಟಿಸಿ, ಮೊದಲು ಪಂಜ್ ಪ್ಯಾರೇ ಹೆಸರಲ್ಲಿ ಐದು ಭಾಗ ತೆಗೆದು, ಆಮೇಲೆ ಬಂದವರಿಗೆಲ್ಲ ಸಮನಾಗಿ ಹಂಚ್ತಾರೆ. ಸಾಕು ಸಾಕು ಅಂತ ಕೈ ಹಿಂದಕ್ಕೆ ಎಳೀಬೇಡಿ, ಕಡಿಮೆ ಬೇಕಿದ್ರೆ ಮೊದಲೇ "ಥೋಡಾ" ಅಂದ್ರೆ ಆಯ್ತು. ತುಪ್ಪ ಕೈಗೆ ಅಂಟತ್ತೆ, ಟಿಶ್ಯೂ ಇಟ್ಕೊಂಡಿರಿ. ಸ್ವಲ್ಪ ಬೇಗ ಹೋಗಿ ಅಡುಗೆಮನೇಲಿ ರೊಟ್ಟಿ ಲಟ್ಟಿಸೋಕೆ ಕೂತ್ರೆ ಆಂಟಿಗೆ ಖುಷಿಯಾಗತ್ತೆ, ಗುಂಡಗೆ ಬರದಿದ್ರೂ ನಡೆಯತ್ತೆ.